ಅಡಿಕೆ ಸುಲಿದ ಕೈಗೊಂದು ಮರದ ಜಿಮ್ಮಿ: ಮನೆಯಲ್ಲೇ ಆಕ್ಯುಪ್ರೆಶರ್ ಮಾಡಿಕೊಳ್ಳುವವರಿಗೆ ಸಮಗ್ರ ಮಾರ್ಗದರ್ಶಿ

ಕಾರ್ತಿಕ ಬಂತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಡಿಕೆ ಮನೆಗಳ ದಿನಚರಿಯೇ ಬದಲಾಗುತ್ತದೆ. ಬೆಳಿಗ್ಗೆ ಕೊನೆಕೊಯ್ಲು, ಸಂಜೆಯಿಂದ ಸುಲಿತ. ಮೆಟ್ಟುಗತ್ತಿಯ ಮುಂದೆ ಕೂತವರು ಒಂದೊಂದು ಹಸಿಕಾಯಿಯನ್ನೂ ಅಲಗಿಗೆ ಒತ್ತಿ, ಹೆಬ್ಬೆರಳ ಬಲದಿಂದಲೇ ಸಿಪ್ಪೆ ಬಿಡಿಸಬೇಕು. ಯಂತ್ರ ಬಂದ ಮನೆಗಳಲ್ಲೂ ಆರಿಸುವುದು, ಬಾಚುವುದು, ಹರವುವುದು ಕೈಯ ಕೆಲಸವೇ. ಮಲಗುವ ಹೊತ್ತಿಗೆ ಹೆಬ್ಬೆರಳ ಬುಡ ಸೆಟೆದುಕೊಂಡು, ಮೊಣಕೈಯಿಂದ ಮಣಿಕಟ್ಟಿನವರೆಗೆ ಸೆಳೆತ ಶುರುವಾಗಿರುತ್ತದೆ.

ಮೈಯ ಗೊತ್ತಾದ ಬಿಂದುಗಳನ್ನು ಒತ್ತಿ ಹಿತ ಪಡೆಯುವ ವಿದ್ಯೆ ಆಕ್ಯುಪ್ರೆಶರ್. ಅದರ ಪುಸ್ತಕಗಳು ಬಹುಪಾಲು 'ಹೆಬ್ಬೆರಳಿನಿಂದ ಒತ್ತಿ' ಎನ್ನುತ್ತವೆ. ದಿನವಿಡೀ ದುಡಿದು ಸೋತ ಹೆಬ್ಬೆರಳಿಗೇ ಮತ್ತೆ ದುಡಿಮೆ ಹಚ್ಚುವ ಈ ಸಲಹೆ ನಮ್ಮ ಕಡೆಯವರಿಗೆ ಹೊಂದುವುದಿಲ್ಲ. ಅಂಗೈಯಲ್ಲಿ ಹಿಡಿಯುವ ಪುಟ್ಟ ಸಾಧನ ಬೇಕಾಗುವುದು ಇಲ್ಲೇ. ಅದರಲ್ಲಿ ಯಾವ ಮಾಯೆಯೂ ಇಲ್ಲ. ಹೆಬ್ಬೆರಳನ್ನು ಉಳಿಸಿ, ಒತ್ತುವ ಕೆಲಸವನ್ನು ಮುಷ್ಟಿಗೂ ಮೈಭಾರಕ್ಕೂ ವಹಿಸಿಕೊಡುತ್ತದೆ, ಅಷ್ಟೇ. ಈ ಒಂದು ಮಾತನ್ನು ಸರಿಯಾಗಿ ಹಿಡಿದುಕೊಂಡವರಿಗೆ ಉಳಿದದ್ದೆಲ್ಲ ಸುಲಭ.

ಸಾಧನದ ಆಯ್ಕೆ

ಅಂಗಡಿಯವರು 'ಜಿಮ್ಮಿ' ಎಂದು ಕರೆಯುವ, ಗೇಣಿಗಿಂತ ಚಿಕ್ಕದಾದ ಮರದ ತುಂಡು ಸಾಕು. ಮೈತುಂಬ ಮೊಂಡು ಹಲ್ಲು ಅಥವಾ ಉಂಗುರದಂಥ ಏಣುಗಳಿರುತ್ತವೆ, ತುದಿ ಉರುಟಾಗಿರುತ್ತದೆ. ಮೈಯನ್ನು ಉರುಳಿಸಲು, ತುದಿಯನ್ನು ಒಂದೇ ಜಾಗ ಒತ್ತಲು. ಶಿವಮೊಗ್ಗದ ಗಾಂಧಿ ಬಜಾರಿನಂಥ ಪೇಟೆಗಳಲ್ಲೂ, ಸಾಗರದ ಮಾರಿಕಾಂಬಾ ಜಾತ್ರೆಯಂಥ ದೊಡ್ಡ ಜಾತ್ರೆಗಳ ಸಾಲಂಗಡಿಗಳಲ್ಲೂ ಇಂಥವನ್ನು ಹುಡುಕಬಹುದು. ಕಡೆಯುವ ಕೆಲಸ ಬಲ್ಲ ಬಡಗಿ ಊರಲ್ಲಿದ್ದರೆ ಅವರಿಂದಲೇ ಮಾಡಿಸಿಕೊಳ್ಳುವುದು ಇನ್ನೂ ಒಳ್ಳೆಯದು, ಏಕೆಂದರೆ ನಿಮ್ಮ ಕೈ ಅಳತೆಗೆ ಸಿಗುತ್ತದೆ.

ಕೊಳ್ಳುವಾಗ ನೋಡಬೇಕಾದದ್ದು ಮೂರೇ. ಮುಷ್ಟಿ ಕಟ್ಟಿದಾಗ ಅದು ಅಂಗೈ ತುಂಬಬೇಕು, ಎರಡೂ ಬದಿ ಸ್ವಲ್ಪ ಹೊರಗೆ ಕಾಣಬೇಕು. ತೆಳುವಾದರೆ ಹಿಡಿಯಲು ಬೆರಳು ಬಿಗಿಯಬೇಕಾಗುತ್ತದೆ, ನೋವು ಕಳೆಯುವ ಬದಲು ಹೆಚ್ಚುತ್ತದೆ. ಎರಡನೆಯದು ತುದಿ: ಪೆನ್ಸಿಲಿನ ಹಿಂಬದಿಯಷ್ಟಾದರೂ ಅಗಲವಾಗಿ, ಮೊಂಡಾಗಿರಬೇಕು. ಮೊಣಕೈ ಕೆಳಗಿನ ಮಾಂಸದ ಮೇಲೆ ಹತ್ತು ಸೆಕೆಂಡು ಒತ್ತಿ ತೆಗೆಯಿರಿ. ಬರೀ ಕೆಂಪು ಗುರುತು ಬಿದ್ದು ಕೆಲವು ನಿಮಿಷಗಳಲ್ಲಿ ಮಾಸಿದರೆ ಸರಿ, ಗೀರು ಬಿದ್ದರೆ ಅಲ್ಲೇ ಬಿಟ್ಟು ಬನ್ನಿ. ಮೂರನೆಯದು ಮೈ: ಪ್ಲಾಸ್ಟಿಕ್ಕಿನದಾದರೆ ಎರಡು ಹೋಳು ಕೂಡುವಲ್ಲಿ ಅಚ್ಚಿನ ಗೆರೆ ಚೂಪಾಗಿ ಉಳಿದಿರುತ್ತದೆ, ಬೆರಳಾಡಿಸಿ ನೋಡಿ. ಅಯಸ್ಕಾಂತ ಕೂರಿಸಿದ್ದಕ್ಕೆ ಹೆಚ್ಚು ದುಡ್ಡು ಕೊಡುವ ಅಗತ್ಯವಿಲ್ಲ. ಎದೆಯಲ್ಲಿ ಪೇಸ್‌ಮೇಕರ್ ಇರುವವರಂತೂ ಅದನ್ನು ಮುಟ್ಟದಿರುವುದೇ ಕ್ಷೇಮ.

ಒಂದೇ ಕಾಗದದಲ್ಲಿ ಮೂರು ದೇಶದ ನಕ್ಷೆ

ಜಿಮ್ಮಿಯ ಜೊತೆ ಸಾಮಾನ್ಯವಾಗಿ ಒಂದು ಬಣ್ಣದ ಕಾಗದ ಕೊಡುತ್ತಾರೆ. ಅಂಗೈ, ಅಂಗಾಲುಗಳ ಚಿತ್ರದ ಮೇಲೆ ಮೂತ್ರಪಿಂಡ, ಯಕೃತ್ತು, ಕಣ್ಣು ಎಂದೆಲ್ಲ ಬರೆದಿರುತ್ತದೆ. ಇದನ್ನೂ ಪುಸ್ತಕವನ್ನೂ ಒಟ್ಟಿಗೆ ಇಟ್ಟುಕೊಂಡವರಿಗೆ ಗೊಂದಲ ಖಂಡಿತ. ಕಾರಣವಿದೆ. ಚೀನಾದ ಪದ್ಧತಿಯಲ್ಲಿ ಬಿಂದುಗಳು ಮೈಯುದ್ದಕ್ಕೂ ಹರಿಯುವ ನಾಡಿಗೆರೆಗಳ ಮೇಲಿವೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಪ್ರಕಟಿಸಿದ ಮಾನಕ ಪಟ್ಟಿಯಲ್ಲಿ ಅಂಥ 361 ಬಿಂದುಗಳ ಸ್ಥಾನ ನಿಗದಿಯಾಗಿದೆ. ಅಂಗಾಲಿನಲ್ಲಿ ಇಡೀ ದೇಹದ ನಕ್ಷೆ ಬರೆಯುವ ಪದ್ಧತಿ ಚೀನಾದ್ದಲ್ಲ, 1930ರ ದಶಕದಲ್ಲಿ ಅಮೆರಿಕದ ಯುನೀಸ್ ಇಂಗಮ್ ಬೆಳೆಸಿದ್ದು. ಕೈಯನ್ನೇ ದೇಹದ ಪ್ರತಿರೂಪವೆಂದು ನೋಡುವ ಸುಜೋಕ್ ಪದ್ಧತಿ ಕೊರಿಯಾದ ಪಾರ್ಕ್ ಜೇ ವೂ ಅವರದು. ಅಂಗಡಿಯ ಕಾಗದ ಈ ಮೂರನ್ನೂ ಕಲಸಿ ಕೊಡುತ್ತದೆ.

ನನ್ನ ಸಲಹೆ ಇಷ್ಟೇ: ಅಂಗಾಂಗದ ಹೆಸರು ಬರೆದ ನಕ್ಷೆಯನ್ನು ನಂಬಿ ರೋಗ ಪತ್ತೆಮಾಡಲು ಹೋಗಬೇಡಿ. 'ಇಲ್ಲಿ ಒತ್ತಿದರೆ ನೋವು, ಹಾಗಾದರೆ ಕಿಡ್ನಿ ತೊಂದರೆ' ಎಂಬ ಮಾತಿಗೆ ಬುಡವಿಲ್ಲ. ಅಂಗೈಯ ಬಿಂದು ಒತ್ತಿ ಸಕ್ಕರೆ ಕಾಯಿಲೆಯ ಮಾತ್ರೆ ಬಿಡುವುದು ಜೀವಕ್ಕೇ ಎರವು. ಒತ್ತಡದಿಂದ ಒಳ್ಳೆಯದಾಗುತ್ತದೆ ಎಂಬುದಕ್ಕೆ ಹೆಚ್ಚು ಪುರಾವೆ ಸಿಕ್ಕಿರುವುದು ವಾಕರಿಕೆಯ ವಿಷಯದಲ್ಲಿ. ಮಣಿಕಟ್ಟಿನ ಪಿ.ಸಿ. 6 ಬಿಂದುವಿನ (ಅಕ್ಷರಗಳು ಚೀನೀ ಪಟ್ಟಿಯ ನಾಡಿಗೆರೆಯ ಗುರುತು, ಅಂಕಿ ಆ ಗೆರೆಯ ಮೇಲಿನ ಬಿಂದುವಿನ ಸಂಖ್ಯೆ) ಬಗ್ಗೆ, ವೈದ್ಯಕೀಯ ಪುರಾವೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ 2015ರ ಪರಿಶೀಲನೆ 59 ಅಧ್ಯಯನಗಳನ್ನು ಒಟ್ಟಿಗೆ ನೋಡಿ, ಶಸ್ತ್ರಚಿಕಿತ್ಸೆಯ ನಂತರದ ವಾಕರಿಕೆ, ವಾಂತಿ ಅದರಿಂದ ಕಡಿಮೆಯಾಗುತ್ತದೆ ಎಂದಿತು. ಸ್ನಾಯುನೋವು, ತಲೆನೋವು, ನಿದ್ದೆಯ ವಿಷಯದಲ್ಲಿ ಫಲಿತಾಂಶಗಳು ಸಾಧಾರಣ, ಒಂದೇ ತೆರನಾಗಿಲ್ಲ. ಆದರೂ ದಣಿದ ಮಾಂಸಖಂಡವನ್ನು ನಿಧಾನವಾಗಿ ಒತ್ತಿ ಬಿಟ್ಟರೆ ಹಾಯೆನಿಸುವುದು ಯಾರಿಗೂ ತಿಳಿದದ್ದೇ. ದಿನನಿತ್ಯದ ಆರೈಕೆಗೆ ಅಷ್ಟು ಸಾಕು.

ಮೊದಲು ಒತ್ತಬಾರದ ಹೊತ್ತು ತಿಳಿಯಿರಿ

ಈ ಭಾಗವನ್ನು ಹಾರಿಸಬೇಡಿ. ಮಲೆನಾಡಿಗರು ಇದನ್ನು ಎರಡು ಸಲ ಓದಬೇಕು ಎಂದೇ ನನ್ನ ಕೋರಿಕೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಗುರುತಿಸಲಾದ ಮಂಗನ ಕಾಯಿಲೆ ನಮ್ಮ ಕಡೆ ಹೆಚ್ಚಾಗಿ ಡಿಸೆಂಬರಿನಿಂದ ಮೇ ತನಕ ಕಾಣಿಸಿಕೊಳ್ಳುತ್ತದೆ. ಕೊಯ್ಲು, ಸುಲಿತ, ದರಗು ಗುಡಿಸುವ ಕೆಲಸಗಳೂ ಹೆಚ್ಚುಕಡಿಮೆ ಅದೇ ತಿಂಗಳುಗಳಲ್ಲಿ. ಕಾಯಿಲೆಯ ಆರಂಭ ಹೇಗೆಂದರೆ ಹಠಾತ್ ಜ್ವರ, ವಿಪರೀತ ತಲೆನೋವು, ಸೊಂಟ ಕೈಕಾಲು ಮುರಿದಂಥ ನೋವು. 'ಕೆಲಸದ ದಣಿವು, ಒತ್ತಿಕೊಂಡರೆ ಹೋಗುತ್ತೆ' ಎಂದುಕೊಳ್ಳುವುದು ಬಲು ಸಹಜ, ಅಪಾಯವಿರುವುದೂ ಅಲ್ಲೇ. ಈ ಕಾಯಿಲೆಯಲ್ಲಿ ಪ್ಲೇಟ್‌ಲೆಟ್ ಇಳಿದು ರಕ್ತಸ್ರಾವವೂ ಆಗಬಹುದು. ಆದ್ದರಿಂದ ಮೈನೋವಿನ ಜೊತೆ ಜ್ವರವಿದ್ದರೆ ಜಿಮ್ಮಿ ಮುಟ್ಟಬೇಡಿ, ನೋವಿನ ಮಾತ್ರೆಯನ್ನೂ ನಿಮ್ಮಷ್ಟಕ್ಕೆ ನುಂಗಬೇಡಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದನ್ನೂ ಈ ಕಾಯಿಲೆ ಹರಡುವ ಉಣುಗು (ಉಣ್ಣೆ) ಕಚ್ಚಿದ್ದನ್ನೂ ಹೇಳಿ, ರಕ್ತ ಪರೀಕ್ಷೆ ಮಾಡಿಸಿ. ಮಳೆಗಾಲದ ಇಲಿಜ್ವರಕ್ಕೂ ಡೆಂಗಿಗೂ ಇದೇ ಮಾತು.

ವಾರ್ಫರಿನ್, ಕ್ಲೋಪಿಡೋಗ್ರೆಲ್‌ನಂಥ ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರಿಗೆ ಸಣ್ಣ ಒತ್ತಡಕ್ಕೂ ಚರ್ಮದಡಿ ನೀಲಿಗಟ್ಟುತ್ತದೆ. ಅವರು ವೈದ್ಯರನ್ನು ಕೇಳದೆ ತೊಡಗಬಾರದು. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಒಳಗಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಅದನ್ನು ಉಜ್ಜಿದರೆ ಹೆಪ್ಪು ಜಾರಿ ಶ್ವಾಸಕೋಶಕ್ಕೆ ಹೋದೀತು. ಎದೆ ಬಿಗಿತದ ಜೊತೆ ಎಡಗೈ ಸೆಳೆಯುತ್ತಿದ್ದರೆ ಬಿಂದು ಹುಡುಕುತ್ತ ಕೂರದೆ ಗಾಡಿ ಹತ್ತಿಸಿ ಆಸ್ಪತ್ರೆಗೆ ಕರೆದೊಯ್ಯಬೇಕು. ಬಸುರಿಯರಿಗೆ ಹೆಬ್ಬೆರಳು-ತೋರುಬೆರಳ ನಡುವಿನ ಬಿಂದು, ಕಾಲಿನ ಒಳಬದಿಯ ಹರಡುಗಂಟಿಗಿಂತ ಮೇಲಿನ ಬಿಂದು, ಭುಜದ ಮೇಲಿನ ಬಿಂದು ಒತ್ತಬಾರದೆಂದು ಈ ಪದ್ಧತಿಯೇ ಹೇಳುತ್ತದೆ.

ಉಬ್ಬಿದ ರಕ್ತನಾಳ, ಇಂಬಳ (ಜಿಗಣೆ) ಕಚ್ಚಿದ ಗಾಯ, ಕತ್ತಿ ತಾಗಿದ ಕೊಯ್ತ, ಕಜ್ಜಿ, ಅಡಿಕೆಯ ಚೊಗರಿಗೆ ಬಿರಿದ ಚರ್ಮ, ಇವುಗಳ ಮೇಲೆ ಎಂದೂ ಬೇಡ. ಕುತ್ತಿಗೆಯ ಮುಂಭಾಗ, ಕಂಕುಳು, ತೊಡೆಸಂದಿ, ಮಂಡಿಯ ಹಿಂಬದಿ, ಬೆನ್ನುಹುರಿಯ ಮೂಳೆ, ಇಲ್ಲೂ ಬೇಡ.

ಹದ ಕಲಿಯುವುದು

ಒತ್ತುವುದು ಬಲದಿಂದಲ್ಲ, ಭಾರದಿಂದ. ತುದಿಯನ್ನು ಜಾಗದ ಮೇಲಿಟ್ಟು, ಜಿಮ್ಮಿಯನ್ನು ಮುಷ್ಟಿಯಲ್ಲಿ ಸಡಿಲವಾಗಿ ಹಿಡಿದು, ಮೊಣಕೈ ನೇರ ಮಾಡಿ ಮೈಯನ್ನು ಮುಂದಕ್ಕೆ ವಾಲಿಸಿ. ಬೆರಳು ಬಿಗಿಯಾಗುತ್ತಿದೆ ಅನಿಸಿದರೆ ಹಿಡಿತ ತಪ್ಪಿದೆ ಎಂದೇ ಅರ್ಥ.

ಎಷ್ಟು ಭಾರ? ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಅದರ ಮೇಲೆ ಜಿಮ್ಮಿಯ ತುದಿ ಇಟ್ಟು ಒತ್ತಿ ನೋಡಿ. ಒಂದು ಕಿಲೋ ತೋರಿಸಿದಾಗ ಕೈಗೆ ಏನನಿಸುತ್ತದೆ, ಎರಡು ಕಿಲೋಗೆ ಏನನಿಸುತ್ತದೆ ಎಂದು ಕಣ್ಣುಮುಚ್ಚಿ ಗುರುತಿಟ್ಟುಕೊಳ್ಳಿ. ಅಂಗೈ, ಮಣಿಕಟ್ಟಿಗೆ ಒಂದು ಕಿಲೋ ಒಳಗೇ ಸಾಕು, ಮೊಣಕೈ ಕೆಳಗಿನ ಮಾಂಸಕ್ಕೂ ಕಾಲಿಗೂ ಎರಡು, ಹೆಚ್ಚೆಂದರೆ ಮೂರು. ಬಹಳ ಜನ ಮೊದಲ ದಿನ ಇದರ ದುಪ್ಪಟ್ಟು ಒತ್ತುತ್ತಾರೆ. ನೋವನ್ನು ಹತ್ತರಲ್ಲಿ ಅಳೆದರೆ ನಾಲ್ಕನ್ನು ದಾಟಬಾರದು. ಹಿತವಾದ ನೋವು ಒಂದಿದೆಯಲ್ಲ, ಉಸಿರು ತಾನಾಗಿ ಹೊರಗೆ ಬರುವಂಥದ್ದು, ಅಲ್ಲಿ ನಿಲ್ಲಿಸಿ. ಹಲ್ಲು ಕಚ್ಚುವಂತಾದರೆ ಹೆಚ್ಚಾಯಿತು. ಚುಚ್ಚು, ಜುಮುಜುಮು, ಕರೆಂಟು ಹೊಡೆದಂತೆ ಅನಿಸಿದರೆ ನರದ ಮೇಲೆ ಇದ್ದೀರಿ, ಅರ್ಧ ಅಂಗುಲ ಸರಿಯಿರಿ.

ಲಯ ಹೀಗಿರಲಿ: ಉಸಿರು ಬಿಡುತ್ತ ಐದು ಸೆಕೆಂಡಿನಲ್ಲಿ ನಿಧಾನ ಇಳಿಯಿರಿ, ಇಪ್ಪತ್ತರಿಂದ ಮೂವತ್ತು ಸೆಕೆಂಡು ಅಲ್ಲೇ ಇರಿ, ಉಸಿರಾಟ ಸಹಜವಾಗಿರಲಿ, ಐದು ಸೆಕೆಂಡಿನಲ್ಲಿ ಮೇಲೆ ಬನ್ನಿ. ಒಂದು ಜಾಗಕ್ಕೆ ಮೂರು ಸಲ. ಎಲ್ಲ ಸೇರಿ ದಿನಕ್ಕೆ ಹದಿನೈದು ನಿಮಿಷ ಮೀರುವುದು ಬೇಡ. ಅಳತೆಗೆ ನಿಮ್ಮದೇ ಕೈ ಬಳಸಿ. ನಾಲ್ಕು ಬೆರಳು ಜೋಡಿಸಿದ ಅಗಲ, ಹೆಬ್ಬೆರಳ ಗೆಣ್ಣಿನ ಅಗಲ, ಇವೇ ಈ ವಿದ್ಯೆಯ ಮಾನ. ಹಾಗಾಗಿ ಉದ್ದ ಕೈಯವರಿಗೂ ಗಿಡ್ಡ ಕೈಯವರಿಗೂ ಜಾಗ ತಪ್ಪುವುದಿಲ್ಲ.

ಸಮಯಕ್ಕೆ ಬಚ್ಚಲ ಹಂಡೆಯ ಬಿಸಿನೀರಿನ ಸ್ನಾನವಾದ ಮೇಲಿನದ್ದಕ್ಕಿಂತ ಒಳ್ಳೆಯದಿಲ್ಲ. ಮೈ ಬೆಚ್ಚಗಾಗಿ ಸ್ನಾಯು ಸಡಿಲಾಗಿರುತ್ತದೆ, ಅರ್ಧ ಒತ್ತಡದಲ್ಲೇ ಕೆಲಸ ಆಗುತ್ತದೆ. ಊಟವಾದ ಕೂಡಲೇ ಬೇಡ.

ಕೈಯಿಂದ ಆರಂಭ

ಜಿಮ್ಮಿಯನ್ನು ಎರಡು ಅಂಗೈ ನಡುವೆ ಇಟ್ಟು ಒಂದೆರಡು ನಿಮಿಷ ಹಿಂದೆ ಮುಂದೆ ಹೊಸೆಯಿರಿ, ಬೆರಳ ತುದಿಯಿಂದ ಅಂಗೈ ಬುಡದವರೆಗೆ. ಇದು ಬರೀ ಕಾವು ಏರಿಸಲು.

ಅನಂತರ ಮುಖ್ಯ ಕೆಲಸ. ಅಡಿಕೆ ಸುಲಿದ ನೋವು ಹೆಬ್ಬೆರಳಿನಲ್ಲಿ ಕಂಡರೂ ಬೆರಳನ್ನು ಎಳೆದು ಹಿಡಿಯುವ ಮಾಂಸಖಂಡಗಳಲ್ಲಿ ಬಹಳಷ್ಟು ಇರುವುದು ಮೊಣಕೈ ಕೆಳಗೆ. ಆದ್ದರಿಂದ ಕೈಯನ್ನು ಮೇಜಿನ ಮೇಲೋ ತೊಡೆಯ ಮೇಲೋ ಅಂಗಾತ ಚಾಚಿ, ಜಿಮ್ಮಿಯ ಮೈಯನ್ನು ಮೊಣಕೈ ಮಡಿಕೆಯಿಂದ ಎರಡು ಬೆರಳು ಕೆಳಗಿಟ್ಟು ಇನ್ನೊಂದು ಅಂಗೈಯಿಂದ ಉರುಳಿಸುತ್ತ ಕೆಳಗೆ ಬನ್ನಿ. ಮಾಂಸ ತೆಳುವಾಗಿ ದಾರದಂಥ ಕಂಡರಗಳು ಸಿಗುವಲ್ಲಿ ನಿಲ್ಲಿಸಿ, ಮಣಿಕಟ್ಟಿನ ಮೇಲೆ ಉರುಳಿಸಬೇಡಿ. ಕೈಯನ್ನು ಮಗುಚಿ ಮೇಲ್ಬದಿಯಲ್ಲೂ ಹಾಗೆಯೇ. ಮೇಲ್ಬದಿಯಲ್ಲಿ ಹೆಬ್ಬೆರಳ ಕಡೆಯ ಅಂಚಿಗೆ, ಮೊಣಕೈ ಮಡಿಕೆಯ ಕೊನೆಯಿಂದ ಎರಡು ಹೆಬ್ಬೆರಳ ಅಗಲ ಕೆಳಗೆ ಒಂದು ಗಟ್ಟಿ ಮಾಂಸದ ಉಬ್ಬು ಸಿಗುತ್ತದೆ. ಚೀನೀ ಪಟ್ಟಿಯಲ್ಲಿ ಎಲ್.ಐ. 10 ಅದೇ. ಸುಲಿದವರಿಗೆ, ಕತ್ತಿ ಹಿಡಿದು ಸೊಪ್ಪು ಕಡಿದವರಿಗೆ ಆ ಜಾಗ ಮುಟ್ಟಿದರೇ ಗೊತ್ತಾಗುತ್ತದೆ. ಅಲ್ಲಿ ತುದಿಯಿಂದ ಮೂರು ಸಲ.

ಹೆಬ್ಬೆರಳ ಬುಡದ ದಪ್ಪ ಮಾಂಸವನ್ನು ಕೊನೆಗೆ ಹಿಡಿಯಿರಿ. ಜಿಮ್ಮಿಯನ್ನು ಮೇಜಿನ ಮೇಲೆ ಮಲಗಿಸಿ, ಅದರ ಮೈಮೇಲೆ ಅಂಗೈಯ ಆ ಭಾಗ ಬರುವಂತೆ ಇಟ್ಟು ಸಣ್ಣಗೆ ತೂಗಾಡಿಸಿ. ಎದುರು ಕೈಗೆ ಕೆಲಸವೇ ಇಲ್ಲ ನೋಡಿ. ಹೆಬ್ಬೆರಳು-ತೋರುಬೆರಳ ನಡುವಿನ ಎಲ್.ಐ. 4, ಹೆಗು ಎಂಬ ಬಿಂದು ತಲೆನೋವಿಗೆ, ಹಲ್ಲುನೋವಿಗೆ ಬಲು ಪ್ರಸಿದ್ಧ: ಎರಡು ಬೆರಳು ಜೋಡಿಸಿದಾಗ ಎದ್ದು ನಿಲ್ಲುವ ಮಾಂಸದ ತುತ್ತತುದಿ. ಹಲ್ಲು ಊದಿದ್ದರೆ ಮಾತ್ರ ಬಿಂದು ಹಿಡಿದು ಕೂರದೆ ದಂತವೈದ್ಯರಿಗೆ ತೋರಿಸಿ.

ಒಂದು ಎಚ್ಚರ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಮಣಿಕಟ್ಟಿನಲ್ಲಿ ನರ ಬಿಗಿದಿರಬಹುದು. ಹೆಬ್ಬೆರಳು ಮಡಿಚಿದ್ದು ಬಿಡಿಸುವಾಗ ಟಕ್ಕೆಂದು ಸಿಕ್ಕಿಕೊಂಡರೆ ಕಂಡರದ ಕವಚ ದಪ್ಪಗಾಗಿರಬಹುದು. ಎರಡಕ್ಕೂ ಒಳ್ಳೆಯ ಚಿಕಿತ್ಸೆ ಇದೆ, ಬೇಗ ಹೋದಷ್ಟೂ ಸುಲಭ. ಜಿಮ್ಮಿಯಿಂದ ಅಲ್ಲಿ ತಿಕ್ಕಿದರೆ ಊತ ಹೆಚ್ಚುತ್ತದೆ.

ಘಾಟಿ ಇಳಿಯುವಾಗ

ತೀರ್ಥಹಳ್ಳಿ ಕಡೆಯಿಂದ ಮಣಿಪಾಲದ ಆಸ್ಪತ್ರೆಗೆ ಹೋಗುವವರು ಆಗುಂಬೆಯ 14 ತಿರುವು ಇಳಿಯಲೇಬೇಕು, ಹೊಸನಗರದ ಕಡೆಯವರಿಗೆ ಹುಲಿಕಲ್ ಘಾಟಿ. ಮೊದಲೇ ಅಸ್ವಸ್ಥರಾದವರಿಗೆ ಆ ತಿರುವುಗಳಲ್ಲಿ ಹೊಟ್ಟೆ ತೊಳಸುವುದು ದೊಡ್ಡ ಸಂಕಟ. ಪಿ.ಸಿ. 6, ಅಂದರೆ ನೇಗುವಾನ್, ಇಲ್ಲಿ ಕೈಹಿಡಿಯುವ ಬಿಂದು. ಮಣಿಕಟ್ಟಿನ ಒಳಬದಿಯ ಗೆರೆಗೆ ತಾಗಿಸಿ ಇನ್ನೊಂದು ಕೈಯ ಮೂರು ಬೆರಳು ಅಡ್ಡ ಇಡಿ. ಮೂರನೆಯ ಬೆರಳು ಮುಗಿದಲ್ಲಿ, ಮುಷ್ಟಿ ಕಟ್ಟಿದಾಗ ಎದ್ದು ಕಾಣುವ ಎರಡು ಕಂಡರಗಳ ನಡುವೆ ಅದು ಇದೆ. ಅಡಿಯಲ್ಲೇ ನರ ಹಾದುಹೋಗುವುದರಿಂದ ಇಲ್ಲಿ ಎಲ್ಲಕ್ಕಿಂತ ಹಗುರ ಒತ್ತಡ. ಬಸ್ಸು ಕುಲುಕುವಾಗ ತುದಿ ಜಾರಬಹುದು, ಆದ್ದರಿಂದ ಜಿಮ್ಮಿಯ ಮೊಂಡು ಬದಿಯನ್ನೇ ಬಳಸಿ, ಇಲ್ಲವೇ ನಡುಬೆರಳ ತುದಿ.

ಘಾಟಿ ಸಿಗುವ ಕಾಲು ಗಂಟೆ ಮೊದಲೇ ಶುರುಮಾಡಿ, ಎರಡೂ ಕೈಗೆ ತಲಾ ಎರಡು ಮೂರು ನಿಮಿಷ. ವಾಂತಿ ಬಂದೇಬಿಟ್ಟ ಮೇಲೆ ಒತ್ತಿದರೆ ಅಷ್ಟು ಪ್ರಯೋಜನ ಕಾಣದು. ಬಸ್ಸಿನ ವಾಕರಿಕೆಯಲ್ಲಿ ಈ ಬಿಂದುವಿನ ಫಲ ಎಲ್ಲರಿಗೂ ಒಂದೇ ಸಮ ಇಲ್ಲ. ಮುಂದಿನ ಸೀಟು, ದೂರದ ರಸ್ತೆಯ ಮೇಲೆ ದೃಷ್ಟಿ, ಕಿಟಕಿಯ ಗಾಳಿ, ಇವುಗಳ ಜೊತೆಗೆ ಇದೂ ಇರಲಿ. ಬಸುರಿನ ಬೆಳಗಿನ ವಾಕರಿಕೆಗೂ ಇದೇ ಬಿಂದುವನ್ನು ಬಳಸುತ್ತಾರೆ, ಆದರೆ ನಿಮ್ಮನ್ನು ನೋಡುತ್ತಿರುವ ವೈದ್ಯರಿಗೆ ತಿಳಿಸಿ.

ಕಾಲು

ದರೆ ಹತ್ತಿ ಇಳಿದು, ಅಗಳು ದಾಟಿ, ತೋಟದಲ್ಲಿ ದಿನವಿಡೀ ಓಡಾಡಿದ ಕಾಲಿಗೆ ಕುರ್ಚಿಯ ಮೇಲೆ ಕೂತು ಜಿಮ್ಮಿಯನ್ನು ಅಂಗಾಲಿನಡಿ ಉರುಳಿಸುವುದು ಸುಖದ ಕೆಲಸ. ಒಂದೊಂದು ಪಾದಕ್ಕೆ ಎರಡು ನಿಮಿಷ, ಬೆರಳ ಬುಡದಿಂದ ಹಿಮ್ಮಡಿಗೆ ಸ್ವಲ್ಪ ಮುಂಚಿನವರೆಗೆ. ಎದ್ದು ನಿಂತು ಇಡೀ ಭಾರ ಹಾಕಬೇಡಿ, ಸಿಮೆಂಟು ನೆಲದ ಮೇಲೆ ಜಿಮ್ಮಿ ಜಾರಿದರೆ ಬೀಳುತ್ತೀರಿ. ಅಡಿಗೊಂದು ಗೋಣಿಚೀಲ ಹಾಸಿಕೊಳ್ಳಿ. ಬೆರಳು ಮಡಿಚಿದಾಗ ಪಾದದ ಮುಂಭಾಗದಲ್ಲಿ ಗುಳಿ ಬೀಳುವ ಜಾಗ ಕೆ.ಐ. 1. ಮಲಗುವ ಮುನ್ನ ಅಲ್ಲಿ ಒತ್ತಿಕೊಂಡರೆ ನಿದ್ದೆ ಹತ್ತುತ್ತದೆ ಎನ್ನುವವರು ಬಹಳ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆಗೇ ಹಿಮ್ಮಡಿ ಚುಚ್ಚುವವರು ನೋಯುವ ಹಿಮ್ಮಡಿಯನ್ನೇ ಕುಟ್ಟದೆ, ಪಾದದ ನಡುಭಾಗವನ್ನೂ ಮೀನಖಂಡವನ್ನೂ ಸಡಿಲ ಮಾಡಿಕೊಳ್ಳಬೇಕು.

ಸಕ್ಕರೆ ಕಾಯಿಲೆಯವರಿಗೆ ಮಾತ್ರ ಅಂಗಾಲಿಗೆ ಜಿಮ್ಮಿ ಬೇಡವೆಂದೇ ನಾನು ಹೇಳುವುದು. ಪಾದದ ಸ್ಪರ್ಶ ಮಂದವಾಗಿದ್ದರೆ ಹೆಚ್ಚು ಒತ್ತಿದ್ದು ತಿಳಿಯುವುದಿಲ್ಲ, ಒಂದು ಬೊಕ್ಕೆ ಹುಣ್ಣಾಗಿ ತಿಂಗಳುಗಟ್ಟಲೆ ಕಾಡುತ್ತದೆ. ಅವರು ಅಂಗೈಯ ಕೆಲಸಕ್ಕೆ ನಿಲ್ಲಿಸಲಿ.

ಎಸ್.ಟಿ. 36ರ ಜಾಗ: ಮಂಡಿಚಿಪ್ಪಿನ ಕೆಳಗೆ ಹೊರಬದಿಯ ಗುಳಿಯಿಂದ ನಾಲ್ಕು ಬೆರಳು ಕೆಳಗೆ, ಕಣಕಾಲ ಮುಂದಿನ ಮೂಳೆಯ ಅಂಚಿನಿಂದ ಒಂದು ಹೆಬ್ಬೆರಳು ಹೊರಗೆ. ಏರು ಹತ್ತಿ ಸೋತ ಕಾಲಿಗೆ ಹಿತ. ಇನ್ನೂ ಹೊರಗೆ, ಮೇಲಕ್ಕೆ ಹೋದರೆ ಒಂದು ಮೂಳೆಗಂಟು ಕೈಗೆ ಸಿಗುತ್ತದೆ. ಅದರ ಕೆಳಗೇ ಪಾದವನ್ನು ಎತ್ತುವ ನರ ಚರ್ಮಕ್ಕೆ ತೀರ ಹತ್ತಿರ ಸುತ್ತಿಬರುತ್ತದೆ, ಆ ಕಡೆ ಹೋಗಬೇಡಿ.

ಕುತ್ತಿಗೆಗೆ ಹೆಚ್ಚು ಹೇಳುವುದಿಲ್ಲ. ತಲೆಬುರುಡೆ ಮುಗಿಯುವಲ್ಲಿ ಹಿಂದೆ ಎರಡು ಗುಳಿಗಳಿವೆ, ಜಿ.ಬಿ. 20. ಅಲ್ಲಿ ಮೊಂಡು ಬದಿಯಿಂದ ಮೇಲ್ಮುಖವಾಗಿ, ಹಗುರವಾಗಿ. ತಲೆ ಸುತ್ತಿದರೆ ತಕ್ಷಣ ಬಿಡಿ.

ಎಷ್ಟು ದಿನ, ಹೇಗೆ ಇಡುವುದು

ದಿನಕ್ಕೊಂದು ಸಲ, ಸುಲಿತದ ದಿನಗಳಲ್ಲಿ ಬೇಕಾದರೆ ಎರಡು ಸಲ. ಮಾರನೆಯ ದಿನ ಒತ್ತಿದ ಜಾಗ ಮುಟ್ಟಿದರೆ ನೋಯುತ್ತಿದ್ದರೆ ಒಂದು ದಿನ ಬಿಟ್ಟು, ಒತ್ತಡ ಅರ್ಧಕ್ಕೆ ಇಳಿಸಿ. ಎರಡು ವಾರ ಕಳೆದರೂ ಅದೇ ನೋವು ಅದೇ ಜಾಗದಲ್ಲಿದ್ದರೆ, ಅಥವಾ ಹಿಡಿದ ವಸ್ತು ಕೈಜಾರುವಷ್ಟು ಬಲ ಕುಂದಿದರೆ ಮೂಳೆ ವೈದ್ಯರಿಗೆ ತೋರಿಸಿ. ಸುಲಿಯುವಾಗಲೇ ಅರ್ಧ ಗಂಟೆಗೊಮ್ಮೆ ಕತ್ತಿ ಬಿಟ್ಟು ಬೆರಳು ಪೂರ್ತಿ ಚಾಚಿ, ಕೈ ಕೊಡವಿಕೊಂಡರೆ ರಾತ್ರಿಯ ಜಿಮ್ಮಿಗೆ ಕೆಲಸವೇ ಕಡಿಮೆ.

ಮರದ ಜಿಮ್ಮಿಗೆ ಮಳೆಗಾಲದ ಬೂಸ್ಟು ದೊಡ್ಡ ಶತ್ರು. ನೀರಲ್ಲಿ ನೆನೆಹಾಕದೆ, ಸಾಬೂನಿನ ಒದ್ದೆ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಮತ್ತೊಮ್ಮೆ ಒರೆಸಿ ಗಾಳಿಯಾಡುವಲ್ಲಿ ಇಡಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ. ಆಷಾಢದಲ್ಲಿ ಒಲೆಯ ಕಾವು ದೂರದಿಂದ ತಾಗುವ ಗೋಡೆಗೂಡು ಒಳ್ಳೆಯ ಜಾಗ, ಒಲೆಯ ಮೇಲೇ ಇಟ್ಟರೆ ಬಿರುಕು ಬಿಡುತ್ತದೆ. ಬೇಸಿಗೆಗೆ ಮುನ್ನ ಒಂದೆರಡು ಹನಿ ಕೊಬ್ಬರಿ ಎಣ್ಣೆ ಸವರಿ ಒರೆಸಿ. ಚರ್ಮದ ತೊಂದರೆ ಇರುವವರಿಗೆ ಬೇರೆಯದೇ ಇರಲಿ. ಹಲ್ಲು ಮುರಿದು ಸಿಬಿರು ಎದ್ದಿದ್ದರೆ ಮರಳುಕಾಗದದಿಂದ ನುಣುಪು ಮಾಡಿ, ಆಗದಿದ್ದರೆ ಒಲೆಗೆ ಹಾಕಿ ಹೊಸದು ತನ್ನಿ.